ಕಾಣದೆ ಉಳಿದ ಅಪವಾದಗಳು: ಪ್ರಯೋಗ, ಲಿಂಗಭೇದ ಮತ್ತು ವ್ಯಾಪ್ತಿಜ್ಞಾನ

ಕೆಲವೆಡೆ ಜೊತೆಯಾಗಿ ಕಂಡ ಎರಡು ಸಂಗತಿಗಳು ಎಲ್ಲೆಡೆಯೂ ಜೊತೆಯಾಗಿಯೇ ಇರುತ್ತವೆಂದು ಹೇಳುವ ಅಧಿಕಾರ ಎಲ್ಲಿಂದ ಬರುತ್ತದೆ ಎಂಬುದು ಭಾರತೀಯ ಪ್ರಮಾಣಶಾಸ್ತ್ರದ ಹಳೆಯ ಪ್ರಶ್ನೆ. ಇಂತಹ ತಪ್ಪದ ಸಂಬಂಧವನ್ನು ನೈಯಾಯಿಕರು ವ್ಯಾಪ್ತಿ ಎಂದು ಕರೆದರು. ಚಾರ್ವಾಕರು ಅದು ಸಿದ್ಧಿಸುವುದೇ ಅಸಾಧ್ಯವೆಂದು ಅನುಮಾನಪ್ರಮಾಣವನ್ನೇ, ಅಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಮಾರ್ಗವನ್ನೇ, ತಳ್ಳಿಹಾಕಿದರು. ಭೂಯೋದರ್ಶನ, ಅಂದರೆ ಮತ್ತೆ ಮತ್ತೆ ನೋಡುವುದು, ವ್ಯಾಪ್ತಿಯನ್ನು ತಿಳಿಸಿಕೊಡುತ್ತದೆಂಬ ಪಕ್ಷವನ್ನು ‘ತತ್ತ್ವಚಿಂತಾಮಣಿ’ಯ ಗಂಗೇಶೋಪಾಧ್ಯಾಯನು ಒಪ್ಪಲಿಲ್ಲ. ಸಹಚಾರ ಕಂಡಿರಬೇಕು, ಜೊತೆಗೆ ವ್ಯಭಿಚಾರವು, ಅಂದರೆ ಹೇತು (ಹೊಗೆಯಂತಹ ಗುರುತು) ಇದ್ದೂ ಸಾಧ್ಯ (ಬೆಂಕಿಯಂತೆ ಅದರಿಂದ ಊಹಿಸಬೇಕಾದದ್ದು) ಇಲ್ಲದ ನಿದರ್ಶನವು, ಅರಿವಿಗೆ ಬಂದಿರಬಾರದು ಎಂಬುದು ಅವನ ನಿಲುವು. ಆದರೆ ವ್ಯಭಿಚಾರವು ಇಲ್ಲವೆಂಬ ಕಾರಣಕ್ಕೆ ಕಾಣದಿರಬಹುದು, ಕಂಡವರು ಹೇಳದೆ ಉಳಿದ ಕಾರಣಕ್ಕೂ ಕಾಣದಿರಬಹುದು. ಪ್ರಕಟವಾದ ಫಲಿತಾಂಶಗಳು ಮತ್ತೆ ಪರೀಕ್ಷಿಸಿದಾಗ ನಿಲ್ಲದಿರುವ, ಇಂದಿನ ವರ್ತನಾ ಅರ್ಥಶಾಸ್ತ್ರದ ಬಿಕ್ಕಟ್ಟು ಹುಟ್ಟಿರುವುದು ಈ ಎರಡನೆಯ ಸಾಧ್ಯತೆಯಿಂದ.

ಸ್ಟಾಕ್‌ಹೋಮ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಅನ್ನಾ ಡ್ರೆಬರ್ ಅವರ ಸಂಶೋಧನೆ ಈ ಬಿಕ್ಕಟ್ಟಿನ ಎರಡೂ ದಡಗಳನ್ನು ಮುಟ್ಟಿದೆ. ಪುರುಷರ ಟೆಸ್ಟೋಸ್ಟೆರಾನ್ ಮಟ್ಟಕ್ಕೂ ಹಣದ ವಿಷಯದಲ್ಲಿ ಅವರು ತೆಗೆದುಕೊಳ್ಳುವ ಅಪಾಯಕ್ಕೂ ನಂಟಿದೆಯೆಂದು 2008ರಲ್ಲಿ, ಡೋಪಮೈನ್ ಗ್ರಾಹಕದ ಒಂದು ಜೀನಿಗೂ ಅಂತಹುದೇ ನಂಟಿದೆಯೆಂದು 2009ರಲ್ಲಿ ಅವರು ಸಹಲೇಖಕರೊಂದಿಗೆ ಪ್ರಕಟಿಸಿದರು. ಎರಡರಲ್ಲಿಯೂ ಪರೀಕ್ಷೆಗೆ ಒಳಗಾದವರು ನೂರಕ್ಕಿಂತ ಕಡಿಮೆ ಗಂಡಸರು. ಒಂದೊಂದೇ ಜೀನನ್ನು ಹಿಡಿದು ನಡೆಸಿದ ಇಂತಹ ಅಧ್ಯಯನಗಳ ಮೇಲಿನ ವಿಶ್ವಾಸ ಮುಂದಿನ ವರ್ಷಗಳಲ್ಲಿ ಬಹುಮಟ್ಟಿಗೆ ಕುಸಿಯಿತು. ಪರಿಣಾಮವು ನಿಜವಾಗಿ ಅತ್ಯಲ್ಪವಾಗಿದ್ದಾಗ, ಸಣ್ಣ ಗುಂಪಿನಲ್ಲಿ ಅದು ಆಕಸ್ಮಿಕವಾಗಿ ಉಬ್ಬಿ ಕಂಡರೆ ಮಾತ್ರ ಸಂಖ್ಯಾಶಾಸ್ತ್ರದ ಹೊಸ್ತಿಲನ್ನು ದಾಟುತ್ತದೆ. ದಾಟಿದ್ದು ನಿಯತಕಾಲಿಕೆಗೆ ಹೋಗುತ್ತದೆ, ದಾಟದ್ದು ಕಪಾಟಿನಲ್ಲಿ ಉಳಿಯುತ್ತದೆ. ಹೀಗೆ ಗಂಗೇಶನ ಷರತ್ತು ಕಾಗದದ ಮೇಲೆ ಮಾತ್ರ ಪೂರೈಸಿದಂತಾಗುತ್ತದೆ.

ಮುಚ್ಚಿಹೋದ ವ್ಯಭಿಚಾರಗಳನ್ನು ಬಯಲಿಗೆಳೆಯುವ ಕೆಲಸವೇ ಪುನರಾವರ್ತನೆ. ಡ್ರೆಬರ್ ಅವರೂ ಪಾಲ್ಗೊಂಡ 2016ರ ಯತ್ನದಲ್ಲಿ ಅರ್ಥಶಾಸ್ತ್ರದ 18 ಪ್ರಯೋಗಗಳನ್ನು ಮತ್ತೆ ನಡೆಸಿದಾಗ 11 ನಿಂತವು. ‘ನೇಚರ್’ ಮತ್ತು ‘ಸೈನ್ಸ್’ ಪತ್ರಿಕೆಗಳಲ್ಲಿ ಬಂದ 21 ಸಮಾಜವಿಜ್ಞಾನದ ಪ್ರಯೋಗಗಳಲ್ಲಿ 2018ರ ವರದಿಯಂತೆ 13 ನಿಂತವು, ಪರಿಣಾಮದ ಸರಾಸರಿ ಗಾತ್ರವಂತೂ ಮೂಲದ ಸುಮಾರು ಅರ್ಧಕ್ಕಿಳಿದಿತ್ತು. ಅದಕ್ಕಿಂತ ಯೋಚನೆಗೀಡುಮಾಡುವುದು ಅವರು ಬಳಸಿದ ಭವಿಷ್ಯ ಮಾರುಕಟ್ಟೆ, ಅಂದರೆ ಯಾವ ಪ್ರಯೋಗ ಮತ್ತೆ ನಿಲ್ಲುತ್ತದೆಂದು ವಿದ್ವಾಂಸರು ಹಣ ಕಟ್ಟುವ ವ್ಯವಸ್ಥೆ. 2018ರಲ್ಲಿ ಶೇ. 63ರಷ್ಟು ನಿಲ್ಲುತ್ತವೆಂದು ಆ ಮಾರುಕಟ್ಟೆ ಊಹಿಸಿತ್ತು, ಶೇ. 62ರಷ್ಟು ನಿಂತವು. ಅಂದರೆ ಸಂಶಯವು ಸಮುದಾಯದೊಳಗೆ ಮೊದಲೇ ಇತ್ತು, ಗ್ರಂಥದಲ್ಲಿ ಮಾತ್ರ ಇರಲಿಲ್ಲ. ಬಾಯಿಬಿಟ್ಟು ಹೇಳದ ಸಂಶಯ ಬೆಲೆ ಕಟ್ಟಿದೊಡನೆ ಹೊರಬರುವುದು ವಿದ್ವತ್ತಿನ ಲೋಕಕ್ಕೆ ಗೌರವ ತರುವ ಸಂಗತಿಯೇನಲ್ಲ.

ಲಿಂಗಭೇದದ ಪ್ರಶ್ನೆಯಲ್ಲಿ ತೊಡಕು ಇನ್ನೂ ಹೆಚ್ಚು. ಔಷಧಿಯನ್ನು ಚೀಟಿ ಎತ್ತಿ ಹಂಚಬಹುದು, ಹೆಣ್ಣುತನ ಗಂಡುತನಗಳನ್ನು ಹಾಗೆ ಹಂಚಲಾಗದು. ಆದ್ದರಿಂದ ಇಲ್ಲಿ ಉಪಾಧಿಯ ಶಂಕೆ ಸದಾ ಇರುತ್ತದೆ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರದೆ, ಹಸಿ ಸೌದೆ ಸೇರಿದಲ್ಲಿ ಮಾತ್ರ ಹೊಗೆಯೇಳುವಂತೆ, ಸಂಬಂಧವನ್ನು ಮರೆಯಲ್ಲಿ ನಿಂತು ಆಗಿಸುವ ನಿಮಿತ್ತವೇ ಉಪಾಧಿ. ಮ್ಯೂರಿಯಲ್ ನೀಡರ್ಲೆ ಮತ್ತು ಲೀಸ್ ವೆಸ್ಟರ್‌ಲುಂಡ್ 2007ರಲ್ಲಿ ಪ್ರಕಟಿಸಿದ ಅಮೆರಿಕದ ಪ್ರಯೋಗದಲ್ಲಿ, ಕೂಡುವ ಲೆಕ್ಕದಲ್ಲಿ ಗಂಡು ಹೆಣ್ಣುಗಳ ಸಾಮರ್ಥ್ಯ ಸಮವಾಗಿದ್ದರೂ ಸ್ಪರ್ಧೆಯ ಪ್ರತಿಫಲವನ್ನು ಆರಿಸಿಕೊಂಡವರು ಗಂಡಸರಲ್ಲಿ ಶೇ. 73, ಹೆಂಗಸರಲ್ಲಿ ಶೇ. 35. ಯೂರಿ ಗ್ನೀಜಿ ಮತ್ತು ಸಂಗಡಿಗರು ಚೆಂಡನ್ನು ಬಕೆಟ್ಟಿಗೆ ಎಸೆಯುವ ಆಟದಿಂದ ನಡೆಸಿದ ಪರೀಕ್ಷೆಯಲ್ಲಿ, ತಾಂಜಾನಿಯಾದ ಮಾಸಾಯಿ ಸಮುದಾಯದಲ್ಲಿ ಗಂಡಸರೂ ಮಾತೃವಂಶೀಯರಾದ ಮೇಘಾಲಯದ ಖಾಸಿಗಳಲ್ಲಿ ಹೆಂಗಸರೂ ಹೆಚ್ಚಾಗಿ ಸ್ಪರ್ಧೆಗಿಳಿದರು. ಸಮಾಜರಚನೆಯೇ ಹಸಿ ಸೌದೆಯೆಂದು ಅನೇಕರು ಬಲುಬೇಗ ತೀರ್ಮಾನಿಸಿದರು.

ಉಪಾಧಿಯನ್ನು ತೋರಿಸುವುದಕ್ಕೂ ನೆಪವಾಗಿಸುವುದಕ್ಕೂ ಅಂತರವಿದೆ. ನಿಶ್ಚಿತೋಪಾಧಿ (ಇದೆಯೆಂದು ಖಚಿತವಾದದ್ದು), ಸಂದಿಗ್ಧೋಪಾಧಿ (ಬರಿಯ ಶಂಕೆಯಾಗಿ ಉಳಿದದ್ದು) ಎಂಬ ನವ್ಯನ್ಯಾಯದ ವಿಭಾಗ ಇಲ್ಲಿ ಉಪಯುಕ್ತ. ಮೈಚೆಲ್ಲಿ ಗತ್ತಿನಿಂದ ನಿಂತರೆ ಹಾರ್ಮೋನು ಬದಲಾಗಿ ಧೈರ್ಯ ಏರುತ್ತದೆಂದು 42 ಜನರನ್ನು ಆಧರಿಸಿ 2010ರಲ್ಲಿ ಬಂದ ಫಲಿತಾಂಶವನ್ನು, ಎವಾ ರಾನೆಹಿಲ್, ಡ್ರೆಬರ್ ಮೊದಲಾದವರು 200 ಸ್ತ್ರೀಪುರುಷರ ಮೇಲೆ ಪರೀಕ್ಷಿಸಿದಾಗ ತಾನು ಬಲಶಾಲಿಯೆಂಬ ಅನಿಸಿಕೆ ಉಳಿಯಿತೇ ಹೊರತು ಹಾರ್ಮೋನಿನಲ್ಲಾಗಲಿ ಅಪಾಯಪ್ರವೃತ್ತಿಯಲ್ಲಾಗಲಿ ಪರಿಣಾಮ ಕಾಣಲಿಲ್ಲ. ಮೂಲ ಲೇಖಕರು ಎರಡು ಪ್ರಯೋಗಗಳ ವ್ಯತ್ಯಾಸಗಳನ್ನು ಪಟ್ಟಿ ಮಾಡಿದರು, ಪರೀಕ್ಷಿಸುವವರೆಗೆ ಅವು ಸಂದಿಗ್ಧೋಪಾಧಿಗಳಷ್ಟೇ. ಅವರಲ್ಲೊಬ್ಬರಾದ ಡೇನಾ ಕಾರ್ನಿ ಮಾತ್ರ ಆ ಪರಿಣಾಮ ನಿಜವೆಂದು ತಾವು ನಂಬುವುದಿಲ್ಲವೆಂದು 2016ರಲ್ಲಿ ಬಹಿರಂಗವಾಗಿ ಹೇಳಿದರು.

ಸಮಾಜರಚನೆಯೆಂಬ ಉಪಾಧಿಗೂ ಇದೇ ಪರೀಕ್ಷೆ ಸಲ್ಲಬೇಕು. ಡ್ರೆಬರ್ ಮತ್ತು ಸಹಲೇಖಕರು ಕೊಲಂಬಿಯಾ ಹಾಗೂ ಸ್ವೀಡನ್ನಿನ ಮಕ್ಕಳನ್ನು ಹೋಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮಾನತೆಗೆ ಹೆಸರಾದ ಸ್ವೀಡನ್ನಿನಲ್ಲಿ ಅಪಾಯ ತೆಗೆದುಕೊಳ್ಳುವ ಅಂತರ ಕಿರಿದಾಗಿತ್ತು, ಆ ಮಟ್ಟಿಗೆ ಊಹೆ ಫಲಿಸಿತು. ಆದರೆ ಕೊಲಂಬಿಯಾದಲ್ಲಿ ಹುಡುಗ ಹುಡುಗಿಯರು ಸಮಾನ ಸ್ಪರ್ಧಾಶೀಲರಾಗಿದ್ದರೆ, ಸ್ಪರ್ಧೆಯನ್ನು ತಾವಾಗಿ ಆರಿಸಿಕೊಳ್ಳುವುದರಲ್ಲಿ ಹುಡುಗರು ಮುಂದಿದ್ದದ್ದು ಸ್ವೀಡನ್ನಿನಲ್ಲಿಯೇ.