ಅನುಕರಣವೂ ಆತ್ಮವಂಚನೆಯೂ

ನಟನು ರಾಜನಲ್ಲ. ಆದರೂ ರಾಜವೇಷವನ್ನು ಧರಿಸಿದ ಮಾತ್ರಕ್ಕೆ ಅವನನ್ನು ಸುಳ್ಳುಗಾರನೆಂದು ಯಾರೂ ದೂರುವುದಿಲ್ಲ. ಅದು ವೇಷವೆಂಬುದು ಅವನಿಗೂ ತಿಳಿದಿದೆ, ಸಭೆಗೂ ತಿಳಿದಿದೆ. ಆದರೆ ಮಾಡುವವನೂ ನೋಡುವವನೂ ಒಬ್ಬನೇ ಆಗಿರುವ ಅನುಕರಣವೊಂದು ಈ ಕಾಲದಲ್ಲಿ ಬೆಳೆದಿದೆ. ಮನೆಯ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ವಿಮಾನವನ್ನು ನಡೆಸುವ ಫ್ಲೈಟ್ ಸಿಮ್ಯುಲೇಟರ್ ಎಂಬ ವಿನೋದವೇ ಅದು.

ಇದರಲ್ಲಿ ಆಸಕ್ತರಾದವರು ಕೀಲಿಮಣೆಯಿಂದ ತೃಪ್ತರಾಗದೆ, ಹಲಗೆಯನ್ನು ಕೊರೆದು, ವಿಮಾನದಲ್ಲಿರುವಂತೆ ತಿರುಗುಗುಂಡಿಗಳನ್ನು ತಾವೇ ಜೋಡಿಸಿಕೊಳ್ಳುತ್ತಾರೆ. ಗುಂಡಿಯ ಹಿಂದೆ ರೋಟರಿ ಎನ್‌ಕೋಡರ್ ಎಂಬ ಸಣ್ಣ ಸಾಧನವಿರುತ್ತದೆ. ತಿರುಗಿಸಿದಾಗ ಅದು ಎರಡು ಸಂಕೇತಗಳನ್ನು ಹೊರಡಿಸುತ್ತದೆ. ಯಾವುದು ಮೊದಲು ಬಂದಿತೆಂಬುದರಿಂದ ಎಡಬಲಗಳ ನಿರ್ಣಯವಾಗುತ್ತದೆ. ಆ ಸಂಕೇತಕ್ಕೆ ಅರ್ಥವನ್ನು ಕೊಡುವವನು ಯಜಮಾನನೇ. ಒಂದೇ ಗುಂಡಿಯನ್ನು ದಿಕ್ಕಿಗೂ ಎತ್ತರಕ್ಕೂ ವೇಗಕ್ಕೂ ಹಂಚುವ ಸ್ವಾತಂತ್ರ್ಯ ಅವನಿಗುಂಟು. ಈ ಸ್ವಾತಂತ್ರ್ಯಕ್ಕೆ ಧರ್ಮದ ಮೇರೆಯುಂಟೇ ಎಂಬುದೇ ಪ್ರಶ್ನೆ.

ಇಲ್ಲವೆಂಬುದು ಪೂರ್ವಪಕ್ಷ. ಅದು ಅವನ ಮನೆ, ಅವನ ಹಲಗೆ, ಅವನ ಆಟ. ಆ ವಿಮಾನವು ಕೆಳಗೆ ಬಿದ್ದರೂ ಯಾರಿಗೂ ನೋವಾಗುವುದಿಲ್ಲ. ಪರಪೀಡೆಯಿಲ್ಲದಲ್ಲಿ ಪಾಪವೆಲ್ಲಿ ಎಂದು ಅವರು ಕೇಳುತ್ತಾರೆ.

ಈ ವಾದವು ಮೇಲುನೋಟಕ್ಕೆ ಸರಿ. ಆದರೆ ಆಟವೆಂದು ಬುದ್ಧಿಗೆ ತಿಳಿದಿದ್ದರೂ ಕೈಗೆ ಅದು ತಿಳಿಯದು. ಕೈಯು ಅಭ್ಯಾಸವೊಂದನ್ನೇ ಬಲ್ಲದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ವಿಮಾನದ ಚಾಲಕರು ನೆಲಕ್ಕಿಳಿದ ಮೇಲೆ ರೆಕ್ಕೆಯ ಫ್ಲ್ಯಾಪ್‌ಗಳನ್ನು ಮಡಿಸಲು ಹೋಗಿ ಚಕ್ರಗಳನ್ನೇ ಮಡಿಸಿಬಿಡುತ್ತಿದ್ದರು. ಎರಡರ ಸ್ವಿಚ್ಚುಗಳೂ ಒಂದೇ ಆಕಾರದಲ್ಲಿ ಅಕ್ಕಪಕ್ಕದಲ್ಲಿದ್ದವು. ಮನಶ್ಶಾಸ್ತ್ರಜ್ಞನಾದ ಆಲ್ಫಾನ್ಸ್ ಚಾಪನಿಸ್ ಎಂಬಾತನು ಒಂದಕ್ಕೆ ರಬ್ಬರಿನ ಪುಟ್ಟ ಚಕ್ರವನ್ನೂ ಇನ್ನೊಂದಕ್ಕೆ ಬೆಣೆಯಾಕಾರದ ತುಂಡನ್ನೂ ಅಂಟಿಸಿದನು. ಅಂದಿನಿಂದ ಬೆರಳೇ ಭೇದವನ್ನು ಅರಿಯತೊಡಗಿತು. ದೊಡ್ಡ ವಿಮಾನಗಳಲ್ಲಿ ಚಕ್ರದ ಹಿಡಿಯು ಇಂದಿಗೂ ಚಕ್ರದಂತೆಯೇ ಇದೆ.

ಒಂದು ಗುಂಡಿಗೆ ಎರಡು ಅರ್ಥಗಳಿದ್ದರೆ ಆಗುವ ಅನರ್ಥಕ್ಕೆ 1992ರ ಜನವರಿ 20ರ ದುರಂತವು ಸಾಕ್ಷಿ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರಕ್ಕೆ ಇಳಿಯುತ್ತಿದ್ದ ಏರ್‌ಬಸ್ ಎ320 ವಿಮಾನವು ಬೆಟ್ಟಕ್ಕೆ ತಾಗಿ, 96 ಮಂದಿಯಲ್ಲಿ 87 ಮಂದಿ ಮಡಿದರು. ಅದರಲ್ಲಿ ಇಳಿಯುವ ಕೋನವನ್ನೂ ಇಳಿಯುವ ವೇಗವನ್ನೂ ಒಂದೇ ಗುಂಡಿಯಿಂದ ಗೊತ್ತುಪಡಿಸಬೇಕಾಗಿತ್ತು. 3.3 ಎಂದರೆ ಕೋನದ ಅಂಶ. 33 ಎಂದರೆ ನಿಮಿಷಕ್ಕೆ 3,300 ಅಡಿಗಳ ಇಳಿತ. ಚಾಲಕರು ಒಂದನ್ನು ಇನ್ನೊಂದೆಂದು ಬಗೆದಿರುವ ಸಂಭವ ಬಲವಾಗಿತ್ತು. ತರುವಾಯ ವೇಗವನ್ನು ನಾಲ್ಕು ಅಂಕೆಗಳಲ್ಲಿ ತೋರಿಸುವಂತೆ ಯಂತ್ರವನ್ನು ತಿದ್ದಲಾಯಿತು.

ಹಾಗೆಂದು ಅರ್ಥದ್ವಯವೇ ದೋಷವೆನ್ನಲಾಗದು. ಅದೇ ವಿಮಾನದಲ್ಲಿ ಎತ್ತರದ ಗುಂಡಿಯು ನೂರು ಅಡಿಯಂತೆಯೂ ಸಾವಿರ ಅಡಿಯಂತೆಯೂ ಏರಬಲ್ಲದು. ಆದರೆ ಅದರ ಸುತ್ತಲಿನ ಬಳೆಯು ಯಾವುದು ಆಯ್ಕೆಯಾಗಿದೆಯೆಂದು ಕಣ್ಣಿಗೆ ಕಾಣಿಸುತ್ತದೆ. ಆದುದರಿಂದ ಅರ್ಥವನ್ನು ಮರೆಯಿಸುವುದೇ ದೋಷ.

ಮನೆಯ ಹಲಗೆಗೂ ಇದೇ ನ್ಯಾಯ. ಲೋಹದ ಬದಲು ಮರವಿರಲಿ, ಗುಂಡಿಯು ಅಗ್ಗದ್ದಾಗಿರಲಿ, ಹತ್ತರ ಬದಲು ನಾಲ್ಕೇ ಇರಲಿ, ಬಡತನವು ವಂಚನೆಯಲ್ಲ. ಎಲ್ಲಿ ಮೂಲವನ್ನು ಬಿಟ್ಟು ನಡೆದಿದೆಯೋ ಅಲ್ಲಿ ಒಂದು ದೀಪವನ್ನೋ ಬರಹವನ್ನೋ ಇಟ್ಟುಕೊಂಡರೆ ಸಾಕು. ಗುರುತಿಲ್ಲದೆ ಅನುಕೂಲಕ್ಕಾಗಿ ಅರ್ಥವನ್ನು ಬದಲಿಸಿ, ಕೈಯನ್ನು ಅದಕ್ಕೆ ಪಳಗಿಸಿ, ತನಗೆ ವಿಮಾನವು ಬರುತ್ತದೆಂದು ನಂಬುವವನು ಮಾತ್ರ ತನ್ನನ್ನೇ ವಂಚಿಸಿಕೊಳ್ಳುತ್ತಾನೆ. ಇಂಥವರಲ್ಲಿ ಕೆಲವರು ಮುಂದೆ ನಿಜವಾದ ವಿಮಾನವನ್ನೇ ಹತ್ತುತ್ತಾರೆ. ಆಗ ಮನೆಯ ಅಭ್ಯಾಸವು ಅವರೊಡನೆ ಹೋಗುತ್ತದೆ. ಎಂದಿಗೂ ಹತ್ತದವನಿಗೂ ನಷ್ಟವು ತಪ್ಪಿದ್ದಲ್ಲ: ಅರಿಯದುದನ್ನು ಅರಿತೆನೆಂದು ತಿಳಿದವನು ಮತ್ತೆ ಕಲಿಯುವುದಿಲ್ಲ. ಪರಪೀಡೆಯಿಲ್ಲವೆಂಬ ಪೂರ್ವಪಕ್ಷವು ಇಲ್ಲಿಯೇ ಬೀಳುತ್ತದೆ. ಪರರಿಗೆ ಆಡುವ ಸುಳ್ಳನ್ನು ಪರರು ಹಿಡಿದಾರು; ಬಾಗಿಲು ಮುಚ್ಚಿದ ಕೋಣೆಯಲ್ಲಿ ತನಗೆ ತಾನೇ ಹೇಳಿಕೊಂಡುದನ್ನು ಹಿಡಿಯಬೇಕಾದವನು ತಾನೊಬ್ಬನೇ.