ಗಿಡದ ಹೆಸರಿಗೆ ಅಂಜಬೇಡಿ, ಬಾಟಲಿಯ ಚೀಟಿಗೆ ಮರುಳಾಗಬೇಡಿ



ಜುಮಾ ನಮಾಝ್ ಮುಗಿದ ಬಳಿಕ ಒಬ್ಬ ತಂದೆ ನನ್ನ ಬಳಿ ಬಂದು ಕುಳಿತರು. ಕಿಸೆಯಿಂದ ಸಣ್ಣ ಬಾಟಲಿಯೊಂದನ್ನು ತೆಗೆದು ಮುಂದಿಟ್ಟರು. "ಉಸ್ತಾದ್, ಮಗಳಿಗೆ ಫಿಟ್ಸ್ ಬರುತ್ತದೆ. ಇದು ಸಿಬಿಡಿ ಎಣ್ಣೆಯಂತೆ, ಗಾಂಜಾ ಗಿಡದ್ದಂತೆ. ಸಂಬಂಧಿಕರು ತರಿಸಿಕೊಟ್ಟರು. ಕೊಟ್ಟರೆ ಹರಾಮ್ ಆಗುತ್ತದೆಯೇ? ಕೊಡದಿದ್ದರೆ ಮಗುವಿಗೆ ಅನ್ಯಾಯ ಮಾಡಿದಂತಾಗುತ್ತದೆಯೇ?"

ಈ ಪ್ರಶ್ನೆ ನಾಳೆ ನಿಮ್ಮ ಮನೆಗೂ ಬರಬಹುದು. ಆದ್ದರಿಂದ ಒಟ್ಟಿಗೆ ಯೋಚಿಸೋಣ.

ಅಮಲು ಬರಿಸುವ ಪ್ರತಿಯೊಂದೂ ನಿಷಿದ್ಧವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಯಾವುದರ ಹೆಚ್ಚು ಪ್ರಮಾಣ ಅಮಲು ತರುತ್ತದೋ ಅದರ ಅಲ್ಪವೂ ನಿಷಿದ್ಧ. ಹಶೀಶ್ ಹರಾಮ್ ಎಂದು ಇಬ್ನು ತೈಮಿಯ್ಯಾರವರು ಫತ್ವಾ ನೀಡಿದರು. 14ನೇ ಶತಮಾನದ ಇಮಾಮ್ ಝರ್ಕಶೀಯವರು ಅದರ ನಿಷೇಧದ ಬಗ್ಗೆ ಒಂದು ಗ್ರಂಥವನ್ನೇ ಬರೆದರು. ಗಾಂಜಾ ಸೇದುವುದಕ್ಕೆ 'ಔಷಧ' ಎಂಬ ಹೆಸರಿಟ್ಟುಕೊಳ್ಳುವ ಯುವಕರಿಗೆ ಇಲ್ಲಿ ಯಾವ ಬಾಗಿಲೂ ತೆರೆದಿಲ್ಲ.

ಆದರೆ ನಿಷೇಧದ ಕಾರಣವನ್ನು ಗಮನಿಸಿರಿ. ಕಾರಣ ಅಮಲು, ಗಿಡವಲ್ಲ. ದ್ರಾಕ್ಷಿಯಿಂದ ಮದ್ಯ ತಯಾರಾಗುತ್ತದೆ, ಆದರೂ ದ್ರಾಕ್ಷಿ ಹಲಾಲ್. ಹಾಗಾದರೆ ಈ ಬಾಟಲಿಯಲ್ಲಿರುವುದು ಅಮಲೋ, ಅಲ್ಲವೋ?

ಈ ಗಿಡದಲ್ಲಿ ಅಮಲು ತರುವ ಮುಖ್ಯ ದ್ರವ್ಯ ಟಿಎಚ್‌ಸಿ. ಸಿಬಿಡಿ, ಅಂದರೆ ಕ್ಯಾನಬಿಡಿಯಾಲ್, ಬೇರೆಯೇ ದ್ರವ್ಯ. ಅಮೆರಿಕದ ರೋಜರ್ ಆ್ಯಡಮ್ಸ್ ಅದನ್ನು 1940ರಲ್ಲಿ ಬೇರ್ಪಡಿಸಿದರು. 1963ರಲ್ಲಿ ರಾಫೆಲ್ ಮೆಕೌಲಮ್ ಮತ್ತು ಸಂಗಡಿಗರು ಅದರ ರಚನೆಯನ್ನು ತಿಳಿಸಿದರು. ಶುದ್ಧ ಸಿಬಿಡಿಗೆ ಚಟ ಹತ್ತಿಸುವ ಗುಣ ಕಾಣುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2018ರಲ್ಲಿ ಅಭಿಪ್ರಾಯಪಟ್ಟರು.

ಡ್ರಾವೆ ಸಿಂಡ್ರೋಮ್ ಎಂಬ ತೀವ್ರ ಮೂರ್ಛೆರೋಗದ 120 ಮಕ್ಕಳು ಮತ್ತು ಯುವಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಸಿಬಿಡಿ ಪಡೆದವರಲ್ಲಿ ತಿಂಗಳ ಸೆಳೆತಗಳ ಮಧ್ಯಮ ಸಂಖ್ಯೆ 12.4ರಿಂದ 5.9ಕ್ಕೆ ಇಳಿಯಿತು. ಔಷಧವಿಲ್ಲದ ದ್ರಾವಣ ಪಡೆದವರಲ್ಲಿ ಅದು 14.9ರಿಂದ 14.1ಕ್ಕೆ ಮಾತ್ರ ಇಳಿಯಿತು. 2018ರ ಜೂನ್‌ನಲ್ಲಿ ಅಮೆರಿಕ ಸರಕಾರದ ಔಷಧ ಇಲಾಖೆಯು 'ಎಪಿಡಿಯೋಲೆಕ್ಸ್' ಎಂಬ ಶುದ್ಧೀಕರಿಸಿದ ಸಿಬಿಡಿ ಔಷಧಕ್ಕೆ ಅನುಮತಿ ನೀಡಿತು.

ಈ ಸುದ್ದಿಯ ಇನ್ನೊಂದು ಭಾಗವನ್ನೂ ಕೇಳಿರಿ. ಸೆಳೆತ ಪೂರ್ತಿ ನಿಂತದ್ದು 100ಕ್ಕೆ 5 ಮಂದಿಗೆ ಮಾತ್ರ. ಕೆಲವರಿಗೆ ಭೇದಿ, ತೂಕಡಿಕೆ, ಪಿತ್ತಜನಕಾಂಗದ ತೊಂದರೆ ಕಾಣಿಸಿತು. ಎಲ್ಲಕ್ಕಿಂತ ಮುಖ್ಯವಾಗಿ, ಆ ರೋಗಿಗಳು ಮೊದಲಿನ ಮಾತ್ರೆಗಳನ್ನು ಬಿಟ್ಟಿರಲಿಲ್ಲ. ಅವುಗಳ ಜೊತೆಗೇ ಇದನ್ನು ಕೊಡಲಾಗಿತ್ತು. ಕೆಲವು ವಿಧದ ತೀವ್ರ ಮೂರ್ಛೆರೋಗಕ್ಕೆ ದೊರೆತ ಈ ಪುರಾವೆಯನ್ನು ಕ್ಯಾನ್ಸರ್, ಸಕ್ಕರೆ ಕಾಯಿಲೆ, ಮಂಡಿನೋವು ಎಲ್ಲಕ್ಕೂ ಹಂಚುವುದು ವ್ಯಾಪಾರದ ಮಾತು, ವಿಜ್ಞಾನದ್ದಲ್ಲ.

ನಮ್ಮ ಚರಿತ್ರೆಯಲ್ಲೇ ಇದಕ್ಕೊಂದು ಪಾಠವಿದೆ. ಬಗ್ದಾದಿನಲ್ಲಿ ಖಲೀಫರ ಆಸ್ಥಾನದ ಅಧಿಕಾರಿಯೊಬ್ಬರ ಮಗನಿಗೆ ಮೂರ್ಛೆರೋಗವಿತ್ತು. ಕವಿಯೊಬ್ಬ ಅವನಿಗೆ ಭಂಗಿ ಸೊಪ್ಪನ್ನು ಕೊಟ್ಟನಂತೆ. ರೋಗವೇನೋ ವಾಸಿಯಾಯಿತು, ಆದರೆ ಅದಿಲ್ಲದೆ ಅವನು ಒಂದು ಕ್ಷಣವೂ ಇರಲಾರದಂತಾದನು ಎಂದು 15ನೇ ಶತಮಾನದ ಅಲ್-ಬದ್ರೀ ಬರೆದಿದ್ದಾರೆ. ಮದ್ಯದಲ್ಲಿ ಸ್ವಲ್ಪ ಪ್ರಯೋಜನವಿದ್ದರೂ ಅದರ ಪಾಪ ಪ್ರಯೋಜನಕ್ಕಿಂತ ದೊಡ್ಡದೆಂದು ಪವಿತ್ರ ಕುರ್‌ಆನ್ ತಿಳಿಸಿರುವುದನ್ನು (2:219) ಈ ಘಟನೆ ನೆನಪಿಸುತ್ತದೆ. ಆ ಯುವಕನ ಕಾಲದಲ್ಲಿ ಪ್ರಯೋಜನವನ್ನೂ ಅಮಲನ್ನೂ ಬೇರ್ಪಡಿಸುವ ಜ್ಞಾನವಿರಲಿಲ್ಲ. ಇಂದು ಅಲ್ಲಾಹನು ಆ ಜ್ಞಾನವನ್ನು ಮನುಷ್ಯನಿಗೆ ಕೊಟ್ಟಿದ್ದಾನೆ.

ಆದರೆ ಅಂಗಡಿಯ ಬಾಟಲಿಯಲ್ಲಿ ಅವು ಬೇರ್ಪಟ್ಟಿವೆಯೇ? ಇಂಟರ್‌ನೆಟ್ಟಿನಲ್ಲಿ ಕೊಂಡ 84 ಸಿಬಿಡಿ ಉತ್ಪನ್ನಗಳನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2017ರಲ್ಲಿ ವರದಿ ಮಾಡಿದರು. ಚೀಟಿಯಲ್ಲಿ ಬರೆದ ಪ್ರಮಾಣ ಸರಿಯಾಗಿದ್ದದ್ದು 26ರಲ್ಲಿ ಮಾತ್ರ. 18ರಲ್ಲಿ ಟಿಎಚ್‌ಸಿ ಇತ್ತು! ಒದ್ದೆ ಧಾನ್ಯವನ್ನು ಒಣ ಧಾನ್ಯದ ಕೆಳಗೆ ಅಡಗಿಸಿದ ವ್ಯಾಪಾರಿಯನ್ನು ಪ್ರವಾದಿವರ್ಯರು(ಸ) ಎಚ್ಚರಿಸಿ, ವಂಚಿಸುವವನು ತಮ್ಮವನಲ್ಲ ಎಂದಿದ್ದರು. ಬಾಟಲಿಗೂ ಅದೇ ನ್ಯಾಯ ಅನ್ವಯಿಸುತ್ತದೆ.

ನಮ್ಮ ದೇಶದಲ್ಲಿ 1985ರ ಮಾದಕ ದ್ರವ್ಯ ಕಾನೂನಿನ ಪ್ರಕಾರ ಈ ಗಿಡದ ಹೂತೆನೆ ಗಾಂಜಾ ಎನಿಸುತ್ತದೆ. ತೆನೆಯಿಂದ ಬೇರ್ಪಟ್ಟ ಬೀಜ ಮತ್ತು ಎಲೆ ಆ ವ್ಯಾಖ್ಯೆಯಲ್ಲಿಲ್ಲ. 2021ರಲ್ಲಿ ಬೀಜ ಮತ್ತು ಬೀಜದ ಎಣ್ಣೆಯನ್ನು ಆಹಾರವಾಗಿ ಒಪ್ಪಲಾಯಿತು. ಆದರೆ ಬೀಜದ ಎಣ್ಣೆಯಲ್ಲಿ ಸಿಬಿಡಿ ಇಲ್ಲವೆನ್ನುವಷ್ಟು ಕಡಿಮೆ. 'ವಿಜಯಾ' ಎಂಬ ಹೆಸರಿನಲ್ಲಿ ಬರುವ ಎಲೆಯ ಸಾರದಲ್ಲಿ ಟಿಎಚ್‌ಸಿಯೂ ಇರಬಹುದು. ಹೆಸರುಗಳು ಹತ್ತಿರ, ವಸ್ತುಗಳು ಬೇರೆ ಬೇರೆ.

ಇಷ್ಟೆಲ್ಲ ಹೇಳಿ ಆ ತಂದೆಯನ್ನು ನಾನೊಂದು ಪ್ರಶ್ನೆ ಕೇಳಿದೆ: "ಡಾಕ್ಟರು ಕೊಟ್ಟ ಮಾತ್ರೆ ಕೊಡುತ್ತಿದ್ದೀರಿ ತಾನೇ?" ಅವರು ತಲೆ ತಗ್ಗಿಸಿದರು. ಎರಡು ದಿನದಿಂದ ನಿಲ್ಲಿಸಿದ್ದರು!

ಸಹೋದರರೇ, ನನ್ನ ಎದೆ ನಡುಗಿದ್ದು ಆಗ. ಮೂರ್ಛೆರೋಗದ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ಸೆಳೆತ ನಿಲ್ಲದೆ ಪ್ರಾಣಕ್ಕೇ ಕುತ್ತಾಗಬಹುದು. "ಹರಾಮೋ ಹಲಾಲೋ ಎಂದು ಆಮೇಲೆ ಮಾತನಾಡೋಣ. ಈಗಲೇ ಡಾಕ್ಟರಿಗೆ ತಿಳಿಸಿ, ಬಾಟಲಿಯನ್ನೂ ತೋರಿಸಿ" ಎಂದು ಅವರನ್ನು ಎಬ್ಬಿಸಿ ಕಳುಹಿಸಿದೆ.

ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿವರ್ಯರು(ಸ) ಆದೇಶಿಸಿದ್ದಾರೆ. ವೈದ್ಯ ತಿಳಿಯದೆ ಚಿಕಿತ್ಸೆ ಮಾಡುವವನು ಹಾನಿಗೆ ಹೊಣೆಗಾರನೆಂದೂ ಎಚ್ಚರಿಸಿದ್ದಾರೆ. ಬಲ್ಲ ವೈದ್ಯರು ಪರೀಕ್ಷಿತವಾದ, ಅಮಲಿಲ್ಲದ ಔಷಧವನ್ನು ಬರೆದರೆ ಗಿಡದ ಹೆಸರು ಕೇಳಿ ಮಗುವಿಗೆ ಅದನ್ನು ತಪ್ಪಿಸಬೇಡಿರಿ. ಅದರಲ್ಲಿ ಸಂಶಯವಿದ್ದರೆ ವೈದ್ಯರ ಮಾತಿನೊಂದಿಗೆ ವಿದ್ವಾಂಸರ ಬಳಿಗೆ ಹೋಗಿರಿ. ಯಾರೂ ಪರೀಕ್ಷಿಸದ ಬಾಟಲಿಯನ್ನಂತೂ ಮಗುವಿನ ಬಾಯಿಗೆ ಸುರಿಯಬೇಡಿರಿ. ಮಕ್ಕಳು ನಮ್ಮ ಸೊತ್ತಲ್ಲ, ಅಲ್ಲಾಹನ ಅಮಾನತ್ತು.

ರೋಗಪೀಡಿತ ಮಕ್ಕಳೆಲ್ಲರಿಗೂ ಅಲ್ಲಾಹನು ಶಿಫಾ ನೀಡಲಿ. ಅವರ ತಂದೆತಾಯಂದಿರಿಗೆ ಸಹನೆಯನ್ನೂ ಸರಿಯಾದ ತಿಳಿವನ್ನೂ ಅನುಗ್ರಹಿಸಲಿ. ಆಮೀನ್.