ಹಾಡಿದವರಿಗೇ ಹಾಡಿನ ಫಲ

ಈಗ ಹಾಡು ಎಲ್ಲಿಲ್ಲ ಹೇಳಿ? ಬಸ್ಸಿನಲ್ಲಿದೆ, ಆಟೋದಲ್ಲಿದೆ, ಬೆಳಗಿನ ವಾಕಿಂಗ್ ಹೊರಟವರ ಕಿವಿಯಲ್ಲಿದೆ. ನಮ್ಮ ಅಜ್ಜಿಯರು ವರ್ಷವಿಡೀ ಕೇಳಿರದಷ್ಟು ಹಾಡನ್ನು ಇಂದಿನ ಹುಡುಗ ಒಂದೇ ವಾರದಲ್ಲಿ ಕೇಳಿ ಮುಗಿಸುತ್ತಾನೆ. ಆದರೆ ಅಜ್ಜಿಯರು ಹಾಡುತ್ತಿದ್ದರು, ಇವನು ಹಾಡುವುದಿಲ್ಲ. ಮೈಯ ಲೆಕ್ಕದಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ.

ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ನಡೆದ ಒಂದು ಪ್ರಯೋಗದ ವಿವರ 2004ರಲ್ಲಿ ಪ್ರಕಟವಾಯಿತು. ಹವ್ಯಾಸಿಗಳ ಒಂದು ಗಾಯನ ವೃಂದ ಮೊಜಾರ್ಟ್‌ನ ‘ರಿಕ್ವಿಯಮ್’ ಅಭ್ಯಾಸ ಮಾಡುತ್ತಿತ್ತು. ಒಂದು ವಾರ ಅವರು ಅದನ್ನು ಹಾಡಿದರು, ಮುಂದಿನ ವಾರ ಅದೇ ಕೃತಿಯ ಧ್ವನಿಮುದ್ರಿಕೆಯನ್ನು ಕುಳಿತು ಕೇಳಿದರು. ಎರಡು ಸಲವೂ ಮೊದಲಿಗೊಮ್ಮೆ, ಆಮೇಲೊಮ್ಮೆ ಅವರ ಜೊಲ್ಲನ್ನು ಪರೀಕ್ಷಿಸಲಾಯಿತು. ಮೂಗು ಗಂಟಲುಗಳ ದಾರಿಯಲ್ಲಿ ಸೋಂಕನ್ನು ತಡೆಯುವ ಐಜಿಎ ಎಂಬ ಪ್ರತಿಕಾಯ ಹಾಡಿದ ದಿನ ಹೆಚ್ಚಿತ್ತು, ಮನಸ್ಸೂ ಹಗುರಾಗಿತ್ತು. ಬರಿದೆ ಕೇಳಿದ ದಿನ ಪ್ರತಿಕಾಯ ಏರಲಿಲ್ಲ, ಮನಸ್ಸು ಇನ್ನಷ್ಟು ಭಾರವಾಯಿತು. ರಿಕ್ವಿಯಮ್ ಸತ್ತವರ ಸದ್ಗತಿಗೆಂದು ಹಾಡುವ ಕೃತಿ, ಭಾರವಾಗದೆ ಇನ್ನೇನಾದೀತು! ವಿಚಿತ್ರವೆಂದರೆ ಅದೇ ಸಾವಿನ ಹಾಡು, ಹಾಡಿದವರನ್ನು ಹಗುರ ಮಾಡಿತ್ತು. ಇದು ಸಣ್ಣ ಪ್ರಯೋಗ. ಹಾಡಿದರೆ ನೆಗಡಿ ಬಾರದು ಎಂದು ಡಂಗುರ ಸಾರುವಷ್ಟು ದೊಡ್ಡದಲ್ಲ. ಆದರೆ ಫಲ ಕಿವಿಗಿಂತ ಕೊರಳಿಗೇ ಹೆಚ್ಚು ಎಂಬ ಸುಳಿವು ಇದರಲ್ಲಿದೆ.

ಗುಟ್ಟಿನ ಬಹುಪಾಲು ಉಸಿರಿನಲ್ಲಿದೆ. ಸುಮ್ಮನೆ ಕೂತಾಗ ನಾವು ನಿಮಿಷಕ್ಕೆ 12ರಿಂದ 18 ಸಲ ಉಸಿರಾಡುತ್ತೇವೆ. ಹಾಡಲು ಹೊರಟರೆ ಈ ಲೆಕ್ಕ ನಡೆಯುವುದಿಲ್ಲ. ಗಕ್ಕನೆ ಗಾಳಿ ಎಳೆದುಕೊಂಡು, ಸಾಲು ಮುಗಿಯುವವರೆಗೆ ಅದನ್ನು ಅಳೆದು ಅಳೆದು ಬಿಡಬೇಕು. ಹೊಟ್ಟೆಗೂ ಎದೆಗೂ ನಡುವಿನ ವಪೆ ಚೆನ್ನಾಗಿ ದುಡಿಯಬೇಕು. ಉಸಿರು ಬಿಡುವ ಹೊತ್ತಿನಲ್ಲಿ, ಮೆದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರ ಬಡಿತವನ್ನು ನಿಧಾನಿಸುತ್ತದೆ. ಬಿಡುವ ಉಸಿರು ಉದ್ದವಾದಷ್ಟೂ ಈ ವಿರಾಮವೂ ಉದ್ದ. ಸ್ವೀಡನ್ನಿನ ಗೊತೆನ್‌ಬರ್ಗ್‌ನ ಸಂಶೋಧಕರು 2013ರಲ್ಲಿ ಹದಿನೆಂಟರ ಪ್ರಾಯದ ವಿದ್ಯಾರ್ಥಿಗಳನ್ನು ಒಟ್ಟಿಗೆ ಹಾಡಿಸಿ ಅವರ ನಾಡಿ ಅಳೆದರು. ಒಂದೇ ಹಾಡಿಗೆ ಒಂದೇ ಕಡೆ ಉಸಿರು ಎಳೆದುಕೊಳ್ಳುತ್ತಿದ್ದುದರಿಂದ ಅವರೆಲ್ಲರ ಹೃದಯದ ಬಡಿತವೂ ಒಟ್ಟೊಟ್ಟಿಗೆ ಏರಿ ಇಳಿಯುತ್ತಿತ್ತು. ಸಂಜೆಯ ಭಜನೆ ಮುಗಿಸಿ ಎದ್ದವರ ಮುಖದಲ್ಲಿ ಕಾಣುವ ಸಮಾಧಾನಕ್ಕೆ ಭಕ್ತಿಯಷ್ಟೇ ಈ ಉಸಿರಾಟವೂ ಕಾರಣವಿದ್ದೀತು.

ನಮ್ಮ ಬೀಸುವ ಪದಗಳನ್ನು ನೋಡಿ. ನಸುಕಿನಲ್ಲೇ ಎದ್ದು ಇಬ್ಬರು ಹೆಂಗಸರು ಕಲ್ಲಿನ ಎದುರುಬದುರು ಕೂರುತ್ತಿದ್ದರು. ಒಬ್ಬಳು ಎತ್ತಿದ ಸಾಲನ್ನು ಇನ್ನೊಬ್ಬಳು ಹಿಡಿಯುವಳು. ಎರಡನೆಯ ಸಾಲನ್ನು ಮತ್ತೊಮ್ಮೆ ಎತ್ತಿಕೊಂಡು ಮೂರನೆಯದಕ್ಕೆ ಇಳಿಯುವುದು ತ್ರಿಪದಿಯ ಧಾಟಿ. ಕಲ್ಲು ತಿರುಗುವ ಲಯಕ್ಕೆ ತೋಳು, ತೋಳಿಗೆ ಉಸಿರು, ಉಸಿರಿಗೆ ಪದ. ತವರಿನ ನೆನಪು, ಅತ್ತೆಯ ಕಾಟ, ಗಂಡನ ಮುನಿಸು ಎಲ್ಲ ಅಲ್ಲಿ ಹೊರಬೀಳುತ್ತಿತ್ತು. ಎದುರು ಕೂತು ಹೇಳಲಾಗದ್ದನ್ನು ಹಾಡಿನಲ್ಲಿ ಹೇಳಿದರೆ ಯಾರೂ ಆಕ್ಷೇಪಿಸುವಂತಿರಲಿಲ್ಲ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನದಲ್ಲಿ ಇಂಥ ಪದಗಳನ್ನು ಕಾಪಿಡದಿದ್ದರೆ ನಮಗೆ ಇಷ್ಟೂ ಸಿಗುತ್ತಿರಲಿಲ್ಲ. ಹಾಗೆಂದು ಬೀಸುವ ಕಲ್ಲು ಮತ್ತೆ ಬರಲಿ ಎಂದು ನಾನು ಹೇಳಲಾರೆ. ಹಿಟ್ಟಿನ ಗಿರಣಿ ಬಂದದ್ದು ಹೆಂಗಸರ ಪುಣ್ಯ, ಅವರ ರಟ್ಟೆ ಉಳಿಯಿತು. ಕಲ್ಲಿನ ಜೊತೆಗೆ ಪದವೂ ಮೂಲೆ ಸೇರಿತಲ್ಲ, ಬೇಸರ ಅಷ್ಟಕ್ಕೇ.

ಜೋಗುಳವನ್ನು ಮಗುವಿಗೆಂದು ಹಾಡುತ್ತೇವೆ. ಬಾಣಂತಿಯರ ಖಿನ್ನತೆಯ ಬಗ್ಗೆ ಲಂಡನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತಾಯಿಯ ಕಡೆಗೂ ನೋಡಿತು. ಕೂಸುಗಳನ್ನು ಕರೆತಂದು ಹತ್ತು ವಾರ ಗುಂಪಿನಲ್ಲಿ ಹಾಡಿದ ತಾಯಂದಿರಲ್ಲಿ, ಖಿನ್ನತೆ ಹೆಚ್ಚಾಗಿದ್ದವರು ಎಂದಿನ ಆರೈಕೆಯಷ್ಟೇ ಪಡೆದವರಿಗಿಂತ ಬೇಗ ಚೇತರಿಸಿಕೊಂಡರು. ಪಾರ್ಶ್ವವಾಯುವಿನಿಂದ ಮಾತು ನಿಂತವರ ಕಥೆ ಇನ್ನೂ ಬೆರಗಿನದು. ಮೆದುಳಿನ ಎಡಭಾಗಕ್ಕೆ ಪೆಟ್ಟಾಗಿ ‘ನೀರು ಕೊಡು’ ಎನ್ನಲಾಗದವರು ಹಳೆಯ ಹಾಡೊಂದನ್ನು ಪದ ತಪ್ಪದೆ ಹಾಡುವುದುಂಟು. ಇದನ್ನೇ ಹಿಡಿದು ಅಮೆರಿಕದ ಬಾಸ್ಟನ್ನಿನ ತಜ್ಞರು 1970ರ ದಶಕದಲ್ಲಿ, ಸಣ್ಣ ಸಣ್ಣ ಮಾತನ್ನು ರಾಗ ಹಾಕಿ ನುಡಿಸಿ, ಮೆಲ್ಲಗೆ ರಾಗ ಬಿಡಿಸುವ ಚಿಕಿತ್ಸೆಯನ್ನು ರೂಪಿಸಿದರು. ಮಾತಿನ ಚಿಕಿತ್ಸಕರು ಅದನ್ನು ಇಂದಿಗೂ ಬಳಸುತ್ತಾರೆ. ಇಷ್ಟಾದರೂ ಹಾಡು ಮಾತ್ರೆಗೆ ಬದಲಿಯಲ್ಲ, ವೈದ್ಯರು ಕೊಟ್ಟ ಔಷಧ ನಿಲ್ಲಿಸಿ ತಂಬೂರಿ ಹಿಡಿಯಬೇಡಿ.

ಇಷ್ಟು ಸುಲಭದ, ಖರ್ಚಿಲ್ಲದ ಸುಖವನ್ನು ನಾವು ಬಿಟ್ಟದ್ದೇಕೆ? ನನ್ನ ಅನುಮಾನ ನಾಚಿಕೆಯ ಮೇಲೆ. ಟಿ.ವಿ.ಯಲ್ಲಿ ಎಂಟು ವರ್ಷದ ಮಗು ಹಾಡಿದರೂ ಮೂವರು ತೀರ್ಪುಗಾರರು ಅಂಕ ಹಿಡಿದು ಕೂತಿರುತ್ತಾರೆ. ಅದನ್ನು ನೋಡಿ ನೋಡಿ, ಹಾಡುವುದು ಬಲ್ಲವರ ಕೆಲಸ, ನಮ್ಮದೇನಿದ್ದರೂ ಚಪ್ಪಾಳೆ ತಟ್ಟುವುದು ಎಂದುಕೊಂಡಿದ್ದೇವೆ. ‘ನನಗೆ ಶ್ರುತಿ ನಿಲ್ಲೋದಿಲ್ಲಪ್ಪ’ ಎಂಬ ಮಾತನ್ನು ಒಳ್ಳೆಯ ಕಂಠದವರೂ ಹೇಳುತ್ತಾರೆ. ಅಂಕೋಲಾ ಬಡಗೇರಿಯ ಹಾಲಕ್ಕಿ ಒಕ್ಕಲಿಗರ ಸುಕ್ರಿ ಬೊಮ್ಮಗೌಡರು ಯಾವ ತೀರ್ಪುಗಾರರ ಮುಂದೆ ನಿಂತು ಕಲಿತರು? ಅಕ್ಷರ ಕಲಿಯದ ಅವರ ನಾಲಿಗೆಯ ಮೇಲೆ ಸಾವಿರಾರು ಹಾಡುಗಳಿದ್ದವು. 2017ರಲ್ಲಿ ಪದ್ಮಶ್ರೀ ಬಂದದ್ದು ಬಹಳ ತಡವಾಗಿ. ಅದು ಬರುವ ಮೊದಲೂ ಅವರು ಹಾಡುತ್ತಲೇ ಇದ್ದರು. ವೇಗಸ್ ನರಕ್ಕಂತೂ ಶ್ರುತಿ ತಪ್ಪಿದ್ದು ಕೇಳಿಸುವುದಿಲ್ಲ.

ಇವತ್ತು ಪಾತ್ರೆ ತೊಳೆಯುವಾಗಲೋ ಗಾಡಿ ಓಡಿಸುವಾಗಲೋ ಫೋನಿನ ಹಾಡನ್ನು ನಿಲ್ಲಿಸಿ, ಬಾಯಿಗೆ ಬಂದ ಹಾಡನ್ನು ಗಟ್ಟಿಯಾಗಿ ಹಾಡಿ. ಸಾಲು ಮರೆತರೆ ‘ಲಲಲ’ ಸೇರಿಸಿ. ಮನೆಯವರು ನಕ್ಕರೆ ಮುಂದಿನ ಸಾಲನ್ನು ಅವರಿಂದಲೇ ಹಾಡಿಸಿ.